ಶಿವಮೊಗ್ಗಕ್ಕೆ ಹೊಸಬರು: ಊಟ, ಆಟ, ಕಲೆ ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ವರ್ಗವಾಗಿ ಬಳ್ಳಾರಿಯಿಂದ ಜೂನ್ ಕೊನೆಗೆ ಶಿವಮೊಗ್ಗಕ್ಕೆ ಬರುತ್ತಿದ್ದೇವೆ. ಜೊತೆಗೆ ಹತ್ತು ವರ್ಷದ ಮಗಳಿದ್ದಾಳೆ. ಜೋಗ, ಸಕ್ರೆಬೈಲು ಹೇಗೂ ನೋಡುತ್ತೇವೆ. ಊರಿನ ಊಟ, ಆಟ, ಕಲೆಗಳ ಪರಿಚಯಕ್ಕೆ ಎಲ್ಲಿಂದ ಶುರು ಮಾಡಬೇಕು? ಅನುಭವವಿದ್ದವರು ತಿಳಿಸಿ.

ಗಾಂಧಿ ಬಜಾರ್ ಪಕ್ಕದವರು: ಮಳೆಗಾಲಕ್ಕೇ ಬರುತ್ತಿದ್ದೀರಿ, ಒಳ್ಳೆಯದಾಯಿತು. ಹೋಟೆಲುಗಳ ಪಟ್ಟಿ ಆಮೇಲೆ ಕೇಳಿ, ಮೊದಲು ತರಕಾರಿ ಮಾರುಕಟ್ಟೆಗೆ ಹೋಗಿ. ಮಲೆನಾಡಿನ ಅಡುಗೆ ಋತುವಿನ ಜೊತೆ ಬದಲಾಗುತ್ತದೆ, ಅದು ಗೊತ್ತಾಗುವುದು ಬುಟ್ಟಿಗಳ ಮುಂದೆಯೇ. ಮಳೆ ಹಿಡಿದ ಮೇಲೆ ಕಳಲೆ ಬರುತ್ತದೆ, ಅಂದರೆ ಎಳೆ ಬಿದಿರಿನ ಮೊಳಕೆ. ಹಸಿಯದು ವಿಷ. ಸಿಪ್ಪೆ ಸುಲಿದು, ತೆಳ್ಳಗೆ ಹೆಚ್ಚಿ, ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಆಮೇಲೆ ಚೆನ್ನಾಗಿ ಬೇಯಿಸಬೇಕು. ನೆನೆಸಿದ್ದನ್ನೇ ಮಾರುವವರೂ ಇರುತ್ತಾರೆ. "ಎಷ್ಟು ದಿನ ನೆನೆದಿದೆ ಅಮ್ಮಾ?" ಎಂದು ಕೇಳಿಯೇ ಕೊಳ್ಳಿ. ಕೇಳಿದರೆ ಸಾರು ಮಾಡುವ ಬಗೆಯನ್ನೂ ಹೇಳಿಕೊಡುತ್ತಾರೆ. ಕಾಳು ಹಾಕಿದ ಕಳಲೆ ಸಾರಿಗೆ ಬಿಸಿ ಕಡುಬು ಜೊತೆಯಾದರೆ ಮತ್ತೇನೂ ಬೇಡ. ಕೆಸುವಿನ ಎಲೆಯ ಪತ್ರೊಡೆಯೂ ಅದೇ ಕಾಲದ್ದು. ಹುಣಸೆಹುಳಿ ಧಾರಾಳವಾಗಿರಲಿ, ಇಲ್ಲದಿದ್ದರೆ ಗಂಟಲು ತುರಿಸುತ್ತದೆ.

ಭದ್ರಾವತಿಯಿಂದ: ಮಗಳನ್ನು ಬೆಳಿಗ್ಗೆ ನೆಹರೂ ಕ್ರೀಡಾಂಗಣಕ್ಕೆ ಕರೆದುಕೊಂಡು ಹೋಗಿ, ಯಾವ ಆಟ ಬೇಕೆಂದು ಅವಳೇ ಆರಿಸಿಕೊಳ್ಳಲಿ. ಕ್ರಿಕೆಟ್ ಎಂದಳೋ, ನಮ್ಮ ಊರಿಗೂ ಬನ್ನಿ. ಗುಂಡಪ್ಪ ವಿಶ್ವನಾಥ್ ಹುಟ್ಟಿದ ಊರು ಇದು. 1969ರ ಕಾನ್ಪುರ ಟೆಸ್ಟಿನಲ್ಲಿ ಮೊದಲ ಇನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಸಂಗತಿ ನನಗೆ ಗೊತ್ತಿಲ್ಲ. ಕಬ್ಬಿಣದ ಕಾರ್ಖಾನೆಯನ್ನು ನಂಬಿ ತಮಿಳು, ತೆಲುಗು ಮನೆಮಾತಿನ ಎಷ್ಟೋ ಕುಟುಂಬಗಳು ಇಲ್ಲಿ ನೆಲೆ ನಿಂತವು. ಸಂಜೆ ಮೈದಾನದ ಅಂಚಿನಲ್ಲಿ ನಿಂತರೆ ಕ್ಯಾಚ್ ಬಿಟ್ಟವನಿಗೆ ಮೂರು ನಾಲ್ಕು ಭಾಷೆಗಳಲ್ಲಿ ಬೈಗುಳ ಬೀಳುತ್ತದೆ.

ಸಾಗರದಿಂದ: ಕಲೆಗೆ ಹೆಗ್ಗೋಡಿನ ನೀನಾಸಮ್. ಅಡಿಕೆ ತೋಟಗಳ ನಡುವೆ 1949ರಲ್ಲಿ ಹುಟ್ಟಿದ ನಾಟಕ ಸಂಘ. ಕೆ.ವಿ. ಸುಬ್ಬಣ್ಣನವರು ಅದನ್ನು ನಾಡೇ ತಿರುಗಿ ನೋಡುವ ಹಾಗೆ ಬೆಳೆಸಿದರು. ಅದರ ತಿರುಗಾಟ ತಂಡ 1985ರಿಂದ ಊರೂರಿಗೆ ನಾಟಕ ಒಯ್ಯುತ್ತಿದೆ. ಆದರೂ ಒಮ್ಮೆ ಹೆಗ್ಗೋಡಿನಲ್ಲೇ ನೋಡಿ. ಪಕ್ಕದಲ್ಲಿ ಕುಳಿತ ತೋಟದ ಕೆಲಸದವರೂ ನಾಟಕದ ಬಗ್ಗೆ ಗಟ್ಟಿಯಾಗಿ ಅಭಿಪ್ರಾಯ ಹೇಳುತ್ತಾರೆ, ಮಗಳು ಅದನ್ನೂ ಕೇಳಿಸಿಕೊಳ್ಳಲಿ. ತಾಳಗುಪ್ಪ ರೈಲಿನಲ್ಲಿ ಬಂದು ಸಾಗರದಲ್ಲಿ ಇಳಿಯಿರಿ. ನಾಟಕ ಮುಗಿಯುವುದು ರಾತ್ರಿ, ಹಾಗಾಗಿ ಸಾಗರದಲ್ಲಿ ಉಳಿಯುವ ವ್ಯವಸ್ಥೆಯನ್ನು ಮೊದಲೇ ಮಾಡಿಕೊಳ್ಳಿ.