ಅಪ್‌ಡೇಟ್: ಹೇಂಟೆಯ ಕಣ್ಣಲ್ಲಿ ಇದ್ದದ್ದು ಹುಳ

ಮೂರು ವಾರದ ಹಿಂದೆ ನಾನೇ ಕೇಳಿದ್ದೆ: ಗೂಡಿನಲ್ಲಿ ಸಾಕಿದ ಹೇಂಟೆ ಒಂದೇ ಸಮನೆ ಕಣ್ಣು ಕೆರೆದುಕೊಳ್ಳುತ್ತಿದೆ, ನೀರು ಸುರಿಯುತ್ತಿದೆ, ಆ್ಯಂಟಿಬಯೋಟಿಕ್ ಡ್ರಾಪ್ಸ್ ಹಾಕಿದರೂ ಕಡಿಮೆಯಾಗಿಲ್ಲ, ಏನಿರಬಹುದು ಅಂತ. "ಒಳರೆಪ್ಪೆ (ಹಕ್ಕಿಯ ಕಣ್ಣಿನ ಮೂರನೇ ರೆಪ್ಪೆ) ಎತ್ತಿ ನೋಡಿಸಿ" ಎಂದವರಿಗೆ ತುಂಬಾ ಥ್ಯಾಂಕ್ಸ್. ನಿಮ್ಮ ಮಾತೇ ನಿಜವಾಯಿತು.

ಡಾಕ್ಟರು ಮರಗಟ್ಟಿಸುವ ಡ್ರಾಪ್ಸ್ ಹಾಕಿ ಒಳರೆಪ್ಪೆಯನ್ನು ಮೆಲ್ಲಗೆ ಎತ್ತಿದರು. ಬಿಳಿ ದಾರದ ತುಂಡಿನಂಥದ್ದು ಹೊರಳಾಡಿತು. ಒಂದೂವರೆ ಸೆಂಟಿಮೀಟರ್ ಇರಬಹುದು. ಚಿಮಟದಲ್ಲಿ ನಾಲ್ಕು ತೆಗೆದರು. ಆಕ್ಸಿಸ್ಪೈರೂರಾ ಮ್ಯಾನ್ಸೋನಿ ಅಂತ ಹೆಸರು. ಇಷ್ಟು ದಿನ ಹೇಗೆ ತಡೆದುಕೊಂಡಿತ್ತೋ ಪಾಪ.

ಇದು ಕಣ್ಣಿಂದ ಕಣ್ಣಿಗೆ ಹರಡೋದಲ್ಲ, ಜಿರಳೆಯಿಂದ ಬರೋದು. ಹುಳದ ಮೊಟ್ಟೆ ಕಣ್ಣೀರಿನ ನಾಳದಿಂದ ಬಾಯಿಗಿಳಿದು, ಹಿಕ್ಕೆಯಲ್ಲಿ ಹೊರಬೀಳುತ್ತದೆ. ಅದನ್ನು ಸುರಿನಾಮ್ ಜಿರಳೆ ತಿನ್ನುತ್ತದೆ. ಆ ಜಿರಳೆಯನ್ನು ಕೋಳಿ ನುಂಗಿದರೆ ಮರಿಹುಳ ಗಂಟಲಿನಿಂದ ಮೇಲಕ್ಕೆ ಹತ್ತಿ, ಬಾಯಿ ದಾಟಿ, ಅದೇ ನಾಳದಲ್ಲಿ ಕಣ್ಣು ಸೇರುತ್ತದೆ.

ಹಾಗಾಗಿ ಕಣ್ಣಿಗೆ ಮದ್ದು ಹಾಕಿ ಸುಮ್ನೆ ಕೂತರೆ ಮತ್ತೆ ಬರುತ್ತೆ ಅಲ್ವಾ? ಗೂಡಿನ ಹಾಸನ್ನು ಪೂರ್ತಿ ಎತ್ತಿದೆ. ತೇವದ ಮೂಲೆಯಲ್ಲಿ, ಹಲಗೆಯ ಅಡಿಯಲ್ಲಿ ಬರೀ ಜಿರಳೆ. ಈಗ ಒಣ ಹಾಸು ಹಾಕಿದ್ದೇನೆ, ರಾತ್ರಿ ಕಾಳು ಉಳಿಯಲು ಬಿಡುವುದಿಲ್ಲ. ಐವರ್‌ಮೆಕ್ಟಿನ್ ಎಂಬ ಹುಳದ ಮದ್ದನ್ನು ಡಾಕ್ಟರೇ ತೂಕ ನೋಡಿ ಕೊಟ್ಟರು. ನೀವಾಗಿಯೇ ಹಾಕಬೇಡಿ, ಜಾಸ್ತಿಯಾದರೆ ಹಕ್ಕಿಗೆ ವಿಷ.

ಊತ ಇಳಿದಿದೆ. ಎಡಗಣ್ಣಲ್ಲಿ ಸಣ್ಣ ಬಿಳಿ ಕಲೆ ಉಳಿದಿದೆ, ಮುಂದಿನ ವಾರ ಮತ್ತೆ ತೋರಿಸಬೇಕು. ನಿನ್ನೆ ಬೆಳಿಗ್ಗೆ ಎರಡೂ ಕಣ್ಣು ತೆರೆದು ಕಾಳು ಹೆಕ್ಕಿತು.