ಸಾಂಗ್ಲಿಯಾಗ ಚಿತ್ರ ಪ್ರದರ್ಶನದ ಉದ್ಘಾಟನೆ, ಸಂಜಿಗೆ ವೈನ್ ಟೇಸ್ಟಿಂಗ್ ಐತಂತ, ಹೆಂಗ ನಡಕೋಬೇಕ್ರಿ?

ಜತ್ತ_ದ್ರಾಕ್ಷಿ:
ನಮಸ್ಕಾರ ಎಲ್ಲಾರಿಗೂ. ಬರೂ ಶನಿವಾರ ನನ್ನ ಗೆಳತಿ ಪೇಂಟಿಂಗ್ ಪ್ರದರ್ಶನ ಸಾಂಗ್ಲಿಯಾಗ ಶುರು ಆಗತೈತಿ, ಸಂಜಿಗೆ ವೈನ್ ಟೇಸ್ಟಿಂಗೂ ಇಟ್ಟಾರಂತ. ನಮ್ಮ ಮನ್ಯಾಗ ಅಜ್ಜನ ಕಾಲದಿಂದ ದ್ರಾಕ್ಷಿ ಐತಿ ಖರೆ, ಆದ್ರ ಎಲ್ಲಾ ಲಗೂ ಒಣಗಲಿ ಅಂತ ಡಿಪ್ಪಿಂಗ್ ಆಯಿಲ್ ಹೊಡದು ಶೆಡ್‌ನ್ಯಾಗ ಒಣಗಿಸಿ ಬೇದಾಣಾ, ಅಂದ್ರ ಒಣದ್ರಾಕ್ಷಿ ಮಾಡಿ ತಾಸಗಾಂವ ಪ್ಯಾಟಿಗೆ ಕಳಸ್ತೀವಿ, ವೈನ್ ನಾ ಒಮ್ಮೆನೂ ಬಾಯಿಗೆ ಹಚ್ಚಿಲ್ಲ. ಕುಡೀಲೇಬೇಕಂತ ಐತೇನು? ಚಿತ್ರ ಮೊದಲ ನೋಡೂದೋ ವೈನ್ ಮೊದಲೋ? ಆಕಿ ವರ್ಷಗಟ್ಟಲೆ ಕೂತು ಮಾಡಿದ ಕೆಲಸ, ನನ್ನಿಂದ ಆಕಿಗೆ ಬ್ಯಾಸರ ಆಗಬಾರದು.

ನಾಸಿಕದಾಗಿನ_ಹುಡುಗ:
ಚಿಂತಿ ಮಾಡಬ್ಯಾಡ್ರಿ ಅಕ್ಕಾರ, ನಾ ಇಲ್ಲೇ ಒಂದು ವೈನರಿ ಟೇಸ್ಟಿಂಗ್ ರೂಮಿನ್ಯಾಗ ಕೆಲಸ ಮಾಡತೀನಿ. ಟೇಸ್ಟಿಂಗ್ ಅಂದ್ರ ಗ್ಲಾಸ್ ತುಂಬ ಕೊಡೂದಿಲ್ಲ, 50 ಎಂಎಲ್ ಆಜುಬಾಜು ಹಾಕತಾರ, 750 ಎಂಎಲ್ ಬಾಟ್ಲಿ ಒಂದ್ರಾಗ 15 ಮಂದಿಗೆ ಆಗತೈತಿ. ಗ್ಲಾಸ್ ಕೆಳಗಿನ ಕಡ್ಡಿ ಹಿಡೀರಿ, ಮ್ಯಾಲ ಹಿಡದ್ರ ಕೈ ಬಿಸಿಗೆ ವೈನ್ ಬೆಚ್ಚಗಾಗತೈತಿ. ಮೊದಲ ವೈಟ್, ಶೆನಿನ್ ಬ್ಲಾಂಕ್ ಇದ್ರ ಚಲೋ, ಆಮ್ಯಾಲ ರೆಡ್. ಸ್ವಲ್ಪ ತಿರುಗಿಸಿ ಮೂಸಿ ನೋಡಿ ಸಣ್ಣ ಗುಟುಕು ತಗೊಂಡು ಬಾಯಾಗ ಆಡಿಸ್ರಿ, ಬ್ಯಾಡಂದ್ರ ಬಕೆಟ್ ಇಟ್ಟಿರತಾರ ಉಗುಳ್ರಿ, ಯಾರೂ ಏನೂ ಅನ್ನೂದಿಲ್ಲ. ರೆಡ್ ಕುಡದಾಗ ನಾಲಗಿ ಒಣಗಿದಂಗ ಆಗತೈತಲ್ಲ, ಅದು ಸಿಪ್ಪಿ ಬೀಜದಾಗಿನ ಟ್ಯಾನಿನ್. ನಿಮ್ಮ ಕಡೆ ಬೆಳಿಯೂ ಥಾಮ್ಸನ್, ತಾಸ್-ಎ-ಗಣೇಶ ಜಾತಿ ದ್ರಾಕ್ಷಿಯಾಗ ಬೀಜ ಇಲ್ಲ ಸಿಪ್ಪಿ ತೆಳು. ರೆಡ್ ವೈನ್ ಮಾಡೂ ಕ್ಯಾಬರ್ನೆ ಸೋವಿನ್ಯೋನ್ ದ್ರಾಕ್ಷಿ ಕಾಳು ಸಣ್ಣದು, ಸಿಪ್ಪಿ ದಪ್ಪ, ಒಳಗ ಬೀಜ. ಬೆಳ್ಯಾವ್ರಿಗೆ ಇದು ಬ್ಯಾರೇದವ್ರಕಿಂತ ಲಗೂ ಗೊತ್ತಾಗತೈತಿ ನೋಡ್ರಿ.

ಬಣ್ಣ_ಸೊಲ್ಲಾಪುರ:
ಚಿತ್ರ ಮೊದಲ್ರಿ, ಕೈ ಮುಗದು ಹೇಳತೀನಿ. ಉದ್ಘಾಟನೆ ದಿನ ಮಂದಿ ಟೇಬಲ್ ಸುತ್ತ ನಿಂತು ಮಾತಾಡಕೋತ ಗ್ವಾಡಿ ಕಡೆ ಬೆನ್ನು ಮಾಡಿರತಾರ, ಬರದಾವ್ರಿಗೆ ಅದು ಬಾಳ ನೋವು. ನೀವು ಸ್ವಲ್ಪ ಮೊದಲs ಹೋಗಿ ಖಾಲಿ ಕೈಲೆ ಒಂದು ಸುತ್ತು ಹಾಕ್ರಿ, ಹತ್ತರ ಹೋಗಿ ಬ್ರಷ್ ಎಲ್ಲಿ ದಪ್ಪ ಎಳದಾರ ಎಲ್ಲಿ ಒರಸ್ಯಾರ ನೋಡ್ರಿ, ಆಮ್ಯಾಲ ಹಿಂದ ಸರದು ನೋಡ್ರಿ. ಗ್ಲಾಸ್ ಕೈಯಾಗ ಇದ್ದಾಗ ದೂರ ನಿಲ್ರಿ, ಗಾಜಿನ ಫ್ರೇಮ್ ಇಲ್ಲದ ವಾಟರ್‌ಕಲರ್ ಮ್ಯಾಲ ರೆಡ್ ಒಂದು ಹನಿ ಬಿದ್ರ ಮುಗೀತು. ಗೆಳತಿಗೆ ಬರೇ ಚಂದ ಐತಿ ಅನಬ್ಯಾಡ್ರಿ, ಈ ಹಳದಿ ಇಲ್ಲಿ ಯಾಕ ಬಂತು ಅಂತ ಕೇಳ್ರಿ. ಎಂ.ಎಫ್. ಹುಸೇನ್ 1915ರಾಗ ಹುಟ್ಟಿದ್ದು ನಮ್ಮ ಜಿಲ್ಲಾದ ಪಂಢರಪುರದಾಗ, ಆದ್ರೂ ನಮ್ಮ ಕಡೆ ಚಿತ್ರ ನೋಡಾಕ ಬರಾವ್ರು ಇನ್ನೂ ಕಡಿಮಿ, ನೀವು ಹೊಂಟೀರಿ ಅನ್ನೂದs ದೊಡ್ಡದು.

ಅಕ್ಕಲಕೋಟ_ಅಕ್ಕ:
ಸೆಂಟ್ ಹೊಡಕೊಂಡು, ದಂಡಿ ಮಲ್ಲಿಗಿ ಮುಡಕೊಂಡು ಹೋಗಬ್ಯಾಡವಾ, ವಾಸನಿ ತಿಳಿಯೂದಿಲ್ಲ, ಬಾಜೂದವ್ರಿಗೂ ತ್ರಾಸು. ಹೊಟ್ಟಿ ತುಂಬ ಉಂಡು ಹೋಗು, ಆದ್ರ ಶೇಂಗಾ ಚಟ್ನಿ ತಿಂದ ಬಾಯಿಲೆ ರೆಡ್ ಕುಡದ್ರ ಖಾರ ಇನ್ನಟು ಏರತೈತಿ. ಮತ್ತ ರಾತ್ರಿ ಜತ್ತಕ್ಕ ತಿರುಗಿ ಬರಾಗ ಗಾಡಿ ನೀ ಹೊಡೀಬ್ಯಾಡ.

ಜತ್ತ_ದ್ರಾಕ್ಷಿ:
ಬಾಳ ಉಪಕಾರ ಆತ್ರಿ ಎಲ್ಲಾರಿಂದ. ಗೆಳತಿಗೆ ಫೋನ್ ಹಚ್ಚಿದ್ದೆ, ಐದೂವರಿಗೇ ಬಾ ಅಂದಾಳ. ಅಪ್ಪನ್ನೂ ಕರಕೊಂಡು ಹೊಂಟೀನಿ, ಆಂವ ಕುಡಿಯೂದಿಲ್ಲ, ಗಾಡಿ ಆಂವನs ಹೊಡೀತಾನ, ಆದ್ರ ವೈನ್ ದ್ರಾಕ್ಷಿ ಎಕರೆಕ್ಕ ಎಷ್ಟು ಬರತೈತಿ ಅಂತ ಅಲ್ಲಿ ಯಾರನ್ನಾರ ಕೇಳಬೇಕಂತ. ನಾಸಿಕದ ತಮ್ಮಾ, ನಿಮಗ ಗೊತ್ತಿದ್ರ ಇಲ್ಲೇ ಹೇಳ್ರಿ.