ಆಮ್ಲಜನಕವಿದ್ದರೂ ಮೀನು ಮೇಲೆ ಬಂದು ಬಾಯಿ ಬಿಡುವುದೇಕೆ?

ಪ್ರಶ್ನೆ: ಸರ್, ಮಂಡ್ಯದ ಬಳಿ ನಮ್ಮದು 30,000 ಲೀಟರ್ ನೀರಿನ ಹೊಸ ಆರ್‌ಎಎಸ್ (ನೀರನ್ನು ಶುದ್ಧೀಕರಿಸಿ ಮರುಬಳಸುವ ಮೀನು ಸಾಕಣೆ) ಘಟಕ. ತಿಲಾಪಿಯಾ ಮರಿಗಳನ್ನು ಬಿಟ್ಟು ತಿಂಗಳಾಗುತ್ತಿದೆ. ಕರಗಿದ ಆಮ್ಲಜನಕ ಲೀಟರಿಗೆ 6 ಮಿಲಿಗ್ರಾಂ ಇದ್ದರೂ ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡುತ್ತಿವೆ, ಕಿವಿರು ಕಂದು ಬಣ್ಣಕ್ಕೆ ತಿರುಗಿದೆ. ಅಮೋನಿಯಾ ಇಳಿದಿದೆ, ನೈಟ್ರೈಟ್-ಸಾರಜನಕ 3 ಮಿಲಿಗ್ರಾಂ, ಪಿಎಚ್ 6.7. ಆಂಟಿಬಯೋಟಿಕ್ ಹಾಕಬಹುದೇ?

ಉತ್ತರ: ದಯವಿಟ್ಟು ಹಾಕಬೇಡಿ. ನೀವು ಹೇಳಿದ ಲಕ್ಷಣಗಳು ಸೋಂಕಿನವಲ್ಲ, ನೈಟ್ರೈಟ್ ವಿಷದವು. ನೀರಿಗೆ ಬೆರೆಸಿದ ಔಷಧಿಯಾದರೋ ಬಯೋಫಿಲ್ಟರಿನಲ್ಲಿ (ಬ್ಯಾಕ್ಟೀರಿಯಾಗಳಿಂದ ನೀರನ್ನು ಶುದ್ಧಗೊಳಿಸುವ ಸೋಸುಕದಲ್ಲಿ) ಈಗಷ್ಟೇ ನೆಲೆಯೂರುತ್ತಿರುವ ಬ್ಯಾಕ್ಟೀರಿಯಾಗಳನ್ನೇ ಕೊಲ್ಲಬಹುದು. ಅಮೋನಿಯಾವನ್ನು ನೈಟ್ರೈಟ್ ಮಾಡುವ ಬ್ಯಾಕ್ಟೀರಿಯಾಗಳು ಮೊದಲು ಬೆಳೆಯುತ್ತವೆ, ಅದನ್ನು ನೈಟ್ರೇಟ್ ಮಾಡುವವು ತಡವಾಗಿ ಬರುತ್ತವೆ. ಆ ನಡುವಿನ ಕಾಲದಲ್ಲಿ ನೈಟ್ರೈಟ್ ಏರುತ್ತದೆ. ಅದು ಕಿವಿರಿನ ಮೂಲಕ ರಕ್ತಕ್ಕೆ ಸೇರಿ ಹಿಮೋಗ್ಲೋಬಿನ್ನನ್ನು ಆಮ್ಲಜನಕ ಹೊರಲಾರದ ಮೆಟ್‌ಹಿಮೋಗ್ಲೋಬಿನ್ ಆಗಿ ಮಾರ್ಪಡಿಸುವುದರಿಂದ, ನೀರಿನಲ್ಲಿ ಎಷ್ಟು ಆಮ್ಲಜನಕವಿದ್ದರೂ ಮೀನಿಗೆ ದಕ್ಕುವುದಿಲ್ಲ.

ಕ್ಲೋರೈಡ್ ಇದ್ದರೆ ಕಿವಿರು ನೈಟ್ರೈಟನ್ನು ಅಷ್ಟಾಗಿ ಒಳಗೆ ಬಿಡುವುದಿಲ್ಲ. ನೈಟ್ರೈಟ್-ಸಾರಜನಕದ ಹತ್ತು ಪಟ್ಟು ಕ್ಲೋರೈಡ್ ಇರಬೇಕೆಂಬುದು ರೂಢಿಯ ಅಳತೆ. ಉಪ್ಪಿನಲ್ಲಿ ಸುಮಾರು ಶೇ. 60 ಕ್ಲೋರೈಡ್ ಇರುವುದರಿಂದ ನಿಮ್ಮ ಘಟಕಕ್ಕೆ ಒಂದೂವರೆ ಕಿಲೋ ಕಲ್ಲುಪ್ಪು ಸಾಕು. ಎರಡು ಪಟ್ಟು ಹಾಕಿದರೂ ತಿಲಾಪಿಯಾ ತಡೆಯುತ್ತದೆ. ಬೇರೆ ಪಾತ್ರೆಯಲ್ಲಿ ಕರಗಿಸಿ ಸ್ವಲ್ಪಸ್ವಲ್ಪವಾಗಿ ಸುರಿಯಿರಿ. ಮೇವನ್ನು ಒಂದೆರಡು ದಿನ ನಿಲ್ಲಿಸಿ, ಕ್ಲೋರಿನ್ ಇಲ್ಲದ ನೀರಿನಿಂದ ಭಾಗಶಃ ಬದಲಾಯಿಸಿ, ಗಾಳಿ ಹೆಚ್ಚಿಸಿ.

ಪ್ರಶ್ನೆ: ಉಪ್ಪಿನಿಂದ ನೈಟ್ರೈಟ್ ಇಳಿಯುವುದೇ? ಪಿಎಚ್ ಏರಿಸಲು ಸುಣ್ಣ ಹಾಕಲೇ?

ಉತ್ತರ: ಉಪ್ಪು ಮೀನನ್ನು ಕಾಯುತ್ತದೆಯೇ ಹೊರತು ನೈಟ್ರೈಟನ್ನು ಇಳಿಸುವುದಿಲ್ಲ, ಇಳಿಸುವ ಕೆಲಸ ಬ್ಯಾಕ್ಟೀರಿಯಾಗಳದ್ದು. ಒಂದು ಗ್ರಾಂ ಅಮೋನಿಯಾ-ಸಾರಜನಕವನ್ನು ಮಾರ್ಪಡಿಸಲು ಅವು ಸುಮಾರು 7 ಗ್ರಾಂ ಕ್ಷಾರತೆಯನ್ನು (ಪಿಎಚ್ ಕುಸಿಯದಂತೆ ತಡೆಯುವ ನೀರಿನ ಶಕ್ತಿಯನ್ನು) ಬಳಸಿಕೊಳ್ಳುವುದರಿಂದಲೇ ನಿಮ್ಮ ಪಿಎಚ್ ಕುಸಿದಿದೆ. ಸುಣ್ಣ ಹಾಕಿದರೆ ಪಿಎಚ್ ಒಮ್ಮೆಲೇ ಜಿಗಿದೀತು, ಅದು ಅಪಾಯ: 28 ಡಿಗ್ರಿಯ ನೀರಿನಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದ ಶೇ. 1ಕ್ಕಿಂತ ಕಡಿಮೆ ಭಾಗ ವಿಷರೂಪದಲ್ಲಿರುತ್ತದೆ, ಪಿಎಚ್ 8ರಲ್ಲಿ ಅದು ಶೇ. 6ನ್ನು ದಾಟುತ್ತದೆ. ಆದ್ದರಿಂದ ಅಡುಗೆ ಸೋಡಾವನ್ನೇ ಬಳಸಿ, ಹಲವು ಕಂತುಗಳಲ್ಲಿ ಹಾಕಿ. ಮೇವು ಮತ್ತೆ ಆರಂಭವಾದ ಮೇಲೆ ಪ್ರತಿ ಕಿಲೋ ಮೇವಿಗೆ ಸುಮಾರು ಕಾಲು ಕಿಲೋ ಸೋಡಾ ಎಂಬ ಲೆಕ್ಕದಿಂದ ತೊಡಗಿ, ಕ್ಷಾರತೆಯನ್ನು ಅಳೆದು ಹೊಂದಿಸಿಕೊಳ್ಳಿ. ಅದು ಲೀಟರಿಗೆ 100 ಮಿಲಿಗ್ರಾಂಗಿಂತ ಕೆಳಗಿಳಿಯದಿರಲಿ. ನೈಟ್ರೈಟ್ ಒಂದು ಮಿಲಿಗ್ರಾಂಗಿಂತ ಕೆಳಗಿಳಿಯುವವರೆಗೆ ಮೇವನ್ನು ಪೂರ್ಣ ಪ್ರಮಾಣಕ್ಕೆ ಏರಿಸಬೇಡಿ.